ಯಜಮಾನರೇ, ತಟ್ಟಿ ನೋಡಿ

ಫೆಬ್ರವರಿ ೯, ಭಾನುವಾರ

ನನ್ನ ಮುದ್ದಿನ ತರಲೆಗೆ,

ನಿನ್ನ ಸೋದರಮಾವನ ಆಶೀರ್ವಾದಗಳು. ಇಲ್ಲಿ ನಾವು ಕ್ಷೇಮ, ಮನೆಯ ನೆಲವೊಂದನ್ನು ಬಿಟ್ಟು. ಅದು ಸದ್ಯ ಆಪರೇಷನ್ನಿಗೆ ಮಲಗಿದೆ. ಅಲ್ಲಿ ನೀನು, ಅಳಿಯಂದಿರು, ಮರಿತರಲೆ ಚೆನ್ನಾಗಿದ್ದೀರಿ ಎಂದು ನಿನ್ನ ಅತ್ತೆ ಹೇಳಿದ್ದಾಳೆ. ಅವಳ ಮಾತಿಗೆ ಎದುರಾಡಿ ಈ ಮನೆಯಲ್ಲಿ ಉಳಿದವರಿಲ್ಲ, ಹಾಗಾಗಿ ಚೆನ್ನಾಗಿಯೇ ಇರುತ್ತೀರಿ.

ನಿನ್ನ ಕಾಗದಕ್ಕೆ ಉತ್ತರ ತಡವಾಯಿತು. ತಪ್ಪು ನನ್ನದಲ್ಲ, ಮನೆಯದು. ಪೆನ್ನು ಸಿಕ್ಕಾಗ ಕನ್ನಡಕ ಸಿಗಲಿಲ್ಲ, ಕನ್ನಡಕ ಸಿಕ್ಕಾಗ ಮೇಜು ಸಿಗಲಿಲ್ಲ. ಮೇಜು ಹಿತ್ತಲಿನಲ್ಲಿ ಕಾಲು ಮೇಲೆ ಮಾಡಿಕೊಂಡು ಬಿದ್ದಿದೆ, ಅದರ ಹೊಟ್ಟೆಯ ಮೇಲೆ ನಿನ್ನ ಅತ್ತೆಯ ಪಾತ್ರೆಗಳೆಲ್ಲ ಕೂತಿವೆ. ನಾನು ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು, ತೊಡೆಯ ಮೇಲೆ ಹಳೇ ಕ್ಯಾಲೆಂಡರಿನ ರಟ್ಟು ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಆದರೂ ನನ್ನ ಅಕ್ಷರ ನೋಡು, ಮುತ್ತು ಪೋಣಿಸಿದ ಹಾಗಿದೆ. ನಮ್ಮ ಹಳ್ಳಿಯ ಶಾಲೆಗೆ ಇದ್ದದ್ದು ಒಂದೇ ಕೋಣೆ, ಒಬ್ಬರೇ ಮೇಷ್ಟ್ರು. ಎಲ್ಲ ಕ್ಲಾಸಿನ ಪಾಠವನ್ನೂ ಅಲ್ಲೇ ಹೇಳುತ್ತಿದ್ದರು. ಹೀಗಾಗಿ ಒಂದನೇ ಕ್ಲಾಸಿನಲ್ಲಿ ಕೂತೇ ನಾನು ನಾಲ್ಕನೆಯದನ್ನೂ ಮುಗಿಸಿಬಿಟ್ಟೆ. ಉಳಿದ ವರ್ಷಗಳು ನನಗೆ ರಜೆ ಇದ್ದ ಹಾಗೆ.

ನೀನು ಬರೆದದ್ದನ್ನು ಓದಿದೆ. 'ಮಾವ, ಫೋನ್ ಮಾಡಿದ್ರೆ ಎರಡು ಮಾತಾಡಿ ಅತ್ತೆ ಕೈಗೆ ಕೊಟ್ಬಿಡ್ತೀರಿ. ಮಗುಗೆ ನೀವು ಹೇಳಿದ ಹೆಸರು ಇಡಲಿಲ್ಲ ಅಂತ ಇನ್ನೂ ಸಿಟ್ಟಾ? ನೀವು ಬಾಯಿಬಿಟ್ಟು ಬಾ ಅನ್ನೋವರೆಗೂ ನಾನು ಆ ಹೊಸಿಲು ತುಳಿಯೋದಿಲ್ಲ.' ಹಟದಲ್ಲಿ ನೀನು ಥೇಟ್ ನನ್ನ ಅಕ್ಕ. ನಿನ್ನನ್ನು ಇಷ್ಟಿದ್ದಾಗ ನಮ್ಮ ಕೈಗಿಟ್ಟು ಹೋದವಳು, ತನ್ನ ಹಟವನ್ನೂ ಗಂಟು ಕಟ್ಟಿ ಜೊತೆಗಿಟ್ಟು ಹೋಗಿದ್ದಾಳೆ. ಫೋನಿನ ವಿಷಯಕ್ಕೆ ಆಮೇಲೆ ಬರುತ್ತೇನೆ. ನಮ್ಮ ಫೋನ್ ಸರಿಯಿಲ್ಲ, ಅಷ್ಟೇ. ಮೊದಲು ನೆಲದ ಸುದ್ದಿ ಕೇಳು.

ಮರಿತರಲೆ ಗೋಡೆ ಹಿಡಿದು ನಿಲ್ಲುತ್ತಾಳೆ ಎಂದು ನೀನು ಹೇಳಿದ ದಿನ ನಿನ್ನ ಅತ್ತೆ ಸೆರಗು ಸಿಕ್ಕಿಸಿ, ನಡುಮನೆಯಿಂದ ಅಡಿಗೆಮನೆಯವರೆಗೆ ನಮ್ಮ ಸಿಮೆಂಟು ನೆಲದ ಮೇಲೆ ಅಂಬೆಗಾಲಿಟ್ಟಳು. ಸುಳ್ಳಲ್ಲ, ಈ ವಯಸ್ಸಿನಲ್ಲಿ. ನಾನು ಪೇಪರ್ ಕೆಳಗಿಟ್ಟು ನೋಡುತ್ತ ಕೂತೆ. ಎದ್ದು ಮಂಡಿ ತೋರಿಸಿದಳು.

"ಇದು ನೆಲಾನಾ, ತುರಿಯೋ ಮಣೆನಾ? ಮಗು ಬಂದ್ರೆ ಮೈಮೇಲೆ ಚರ್ಮ ಉಳಿಯಲ್ಲ. ಟೈಲ್ಸ್ ಹಾಕಿಸಿ."

"ಅವಳು ಬರಲ್ಲ ಅಂತ ಬರೆದಿದಾಳಲ್ಲೇ."

"ನೆಲ ನಾನು ಸರಿ ಮಾಡಿಸ್ತೀನಿ, ನಿಮ್ಮ ಬಾಯಿ ನೀವು ಸರಿ ಮಾಡ್ಕೊಳ್ಳಿ" ಎಂದಳು.

ಸರಿ, ಕಂಟ್ರಾಕ್ಟರನ್ನು ಹುಡುಕಿ ಆರಿಸುವ ಕೆಲಸ ನನ್ನದಾಯಿತು. ಮನುಷ್ಯರನ್ನು ತೂಗಿ ನೋಡುವುದರಲ್ಲಿ ನಿನ್ನ ಮಾವ ಎತ್ತಿದ ಕೈ, ನಿನಗೆ ಗೊತ್ತು. ಮೊದಲು ಬಂದವನು ಬಣ್ಣಬಣ್ಣದ ಪುಸ್ತಕ ಬಿಚ್ಚಿ ಅರಮನೆಗಳ ಚಿತ್ರ ತೋರಿಸಿದ. ಹೋಗುವವರೆಗೂ ನಮ್ಮ ನೆಲದ ಕಡೆ ತಲೆ ತಗ್ಗಿಸಲಿಲ್ಲ. ಇನ್ನೊಬ್ಬ ಬಾಗಿಲಲ್ಲೇ ನಿಂತು "ಎಲ್ಲಾ ಅಗೆದು ಹಾಕ್ಬೇಕು" ಎಂದ. ನೆಲಾನೋ ಮನೇನೋ ಎಂದು ಕೇಳಿದೆ. ಅವನು ಗೋಡೆಯನ್ನೂ ಒಮ್ಮೆ ಅಳೆದು ನೋಡಿದ.

ಆಗ ಎದುರುಮನೆಯ ಹೆಡ್ಮಿಸ್ಟ್ರೆಸ್ ಒಬ್ಬನ ಸುದ್ದಿ ಹೇಳಿದರು. ರಿಟೈರ್ ಆಗಿ ಎಷ್ಟು ಕಾಲವಾದರೂ ಅವರು ಬೀದಿಯನ್ನೇ ಸ್ಕೂಲು ಮಾಡಿಕೊಂಡಿದ್ದಾರೆ. "ಆ ಮನುಷ್ಯ ಬಾಯಿಬಡುಕ, ಜಂಬದ ಕೋಳಿ, ನಿಮಗೆ ಸರಿಯಾದ ಜೋಡಿ. ಆದ್ರೆ ಕೆಲಸದಲ್ಲಿ ಕೊಂಕು ತೆಗೆಯೋ ಹಾಗಿಲ್ಲ. ಫೋನ್ ಮಾತ್ರ ಅವನು ಎತ್ತಲ್ಲ, ಅವನ ತಂಗಿ ಎತ್ತುತ್ತಾಳೆ."

ಫೋನ್ ಎತ್ತಲು ಆಳು ಇಟ್ಟುಕೊಂಡಿರುವ ಟೈಲ್ಸ್ ಮೇಸ್ತ್ರಿ! ಇಂಥವನನ್ನು ನೋಡಲೇಬೇಕು ಎನ್ನಿಸಿತು. ನಿನ್ನ ಅತ್ತೆಯಿಂದ ಫೋನ್ ಮಾಡಿಸಿದೆ, ಆ ಕಡೆ ತಂಗಿ ಮಾತಾಡಿದಳು. ಮರುದಿನ ಅಣ್ಣತಂಗಿ ಇಬ್ಬರೂ ಬಂದರು.

ಊರವರೆಲ್ಲ ಅವನನ್ನು ಕರೆಯುವುದು ರಸಮಟ್ಟ ಎಂದು. ಹಸಿರು ನೀರಿನಲ್ಲಿ ಗುಳ್ಳೆ ಓಡಾಡುವ ಪಟ್ಟಿ ಇರುತ್ತದಲ್ಲ, ಗುಳ್ಳೆ ನಡುವೆ ನಿಂತರೆ ನೆಲ ಸಮ ಎಂದು ತೋರಿಸುವ ರಸಮಟ್ಟ, ಅದನ್ನು ಕತ್ತಿಯ ಹಾಗೆ ಸೊಂಟಕ್ಕೆ ಸಿಕ್ಕಿಸಿಕೊಂಡೇ ಓಡಾಡುತ್ತಾನೆ. ದಪ್ಪ ಮೀಸೆ, ಗಟ್ಟಿ ಗಂಟಲು. ಬಂದವನು ನಮಸ್ಕಾರವನ್ನೂ ಹೇಳದೆ ಕಿಟಕಿಯ ದಂಡೆಯ ಮೇಲೆ ಪಟ್ಟಿ ಇಟ್ಟು "ವಾಲಿದೆ" ಎಂದ. ಕುರ್ಚಿಯ ಮೇಲಿಟ್ಟು "ಇದೂ ವಾಲಿದೆ" ಎಂದ. ನಿನ್ನ ಅತ್ತೆ ಕಾಫಿ ತಂದರೆ ತಟ್ಟೆಯ ಮೇಲೂ ಇಟ್ಟು ನೋಡಿ, "ಅಮ್ಮಾ, ಈ ಮನೇಲಿ ನೆಟ್ಟಗಿರೋದು ನಿಮ್ಮ ಕೈ ಒಂದೇ" ಎಂದ. ಅಷ್ಟಕ್ಕೇ ಅವಳು ಬಿದ್ದುಹೋದಳು. ಕೆಲಸ ಅವನಿಗೇ ಎಂದು ನನ್ನನ್ನು ಕೇಳದೆ ತೀರ್ಮಾನವಾಯಿತು.

ನಾನು ಸೋಲುವವನೇ? ನೆಲದ ಬಗ್ಗೆ ನಿನಗೇನು ಗೊತ್ತು ಹೇಳಪ್ಪ ಎಂದೆ. ಅವನು ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿ, ಬರಿಗಾಲಲ್ಲಿ ಮನೆಯೆಲ್ಲ ನಡೆದ.

"ಇಲ್ಲಿ ಹಳ್ಳ ಇದೆ, ನೀರು ನಿಲ್ಲತ್ತೆ. ಇಲ್ಲಿ ಯಾವಾಗಲೋ ತೇಪೆ ಹಾಕಿದಾರೆ. ಇಲ್ಲಿ ಯಾರೋ ಭಾರದ್ದು ಎತ್ತಿ ಹಾಕಿದಾರೆ."

"ನಾನೇ. ಪಂಪಿನ ಮೋಟಾರು."

"ಎತ್ತೋಕಾಗದ್ದು ಯಾಕೆ ಎತ್ತೋಕೆ ಹೋದ್ರಿ?"

ನಿನ್ನ ಅತ್ತೆ ಬಾಗಿಲ ಹಿಂದೆ ನಿಂತು ನಗುತ್ತಿದ್ದಳು, ಭುಜ ಕುಣಿಯುತ್ತಿತ್ತು.

ಆಮೇಲೆ ಅವನು ಒಂದು ಷರತ್ತು ಹಾಕಿದ. ನನ್ನ ತಲೆಯಲ್ಲಿ ಹುಳ ಬಿಟ್ಟದ್ದು ಅದೇ. "ಕೆಲಸ ಮುಗಿದ ಮೇಲೆ ನಾನು ತಟ್ಟಿ ನೋಡಲ್ಲ. ಕೋಲು ನಿಮ್ಮ ಕೈಗೆ ಕೊಡ್ತೀನಿ. ಯಜಮಾನರೇ, ನೀವೇ ತಟ್ಟಿ ನೋಡಿ. ಟೈಲ್ಸ್ ಕೆಳಗೆ ಸಿಮೆಂಟು ತುಂಬಿದ್ರೆ ಗಟ್ಟಿ ಸದ್ದು, ಎಲ್ಲಾದರೂ ಸೇರದೆ ಉಳಿದಿದ್ರೆ ಟೊಳ್ಳು ಸದ್ದು. ಟೊಳ್ಳು ಇದ್ದದ್ದು ಇವತ್ತಲ್ಲ ನಾಳೆ ಒಡೆಯುತ್ತೆ. ನಿಮ್ಮ ಕಿವಿಗೆ ಟೊಳ್ಳು ಅನ್ನಿಸಿದ್ದಕ್ಕೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಎರಡು ಮಾತಿಲ್ಲದೆ ಕಿತ್ತು ಬೇರೆ ಹಾಕ್ತೀನಿ. ಯಾವ ಮನೇಲೂ ನನ್ನ ಪದ್ಧತಿ ಇದೇ."

"ಕಿವಿ ವಿಷಯ ನನ್ನ ಹತ್ತಿರಾನಾ? ನನ್ನ ಅಂಗಡೀಲಿ ಕೂತು ಬೀದಿ ಆ ತುದೀಲಿ ಓಡೋ ಪಂಪಿನ ಯಾವ ಬೇರಿಂಗ್ ಹೋಗಿದೆ ಅಂತ ಹೇಳ್ತಿದ್ದೋನು ನಾನು. ಮೋಟಾರು ಬಿಚ್ಚೋ ಮುಂಚೆ ಅದರ ರೋಗ ಹೇಳ್ತಿದ್ದೆ. ಮಂಡಿನೋವು ಅಂತ ಅಂಗಡಿ ಮುಚ್ಚದೇ ಇದ್ದಿದ್ರೆ ಈಗಲೂ ಜನ ಸಾಲು ನಿಂತಿರೋರು."

ಇದಕ್ಕೆ ನೀನೇ ಸಾಕ್ಷಿ. ಸ್ಕೂಲಿನಿಂದ ಬರುವಾಗ ನಿನ್ನ ಸೈಕಲ್ಲಿನ ಚೈನು ಸಡಿಲವಾಗಿದೆ ಎಂದು ನೀನು ಬೀದಿ ತಿರುಗುವ ಮೊದಲೇ ನಾನು ಸ್ಪ್ಯಾನರ್ ಹಿಡಿದು ನಿಂತಿರುತ್ತಿದ್ದೆನೋ ಇಲ್ಲವೋ? ನಾನು ಹೀಗೆ ಹೇಳುತ್ತಿದ್ದರೆ ನಿನ್ನ ಅತ್ತೆ ಲೋಟ ಎತ್ತಿಕೊಂಡು ಒಳಗೆ ಹೋಗಿಬಿಟ್ಟಳು. ಯಾಕೋ.

ನನ್ನನ್ನು ಕಾಡುತ್ತಿರುವ ಪ್ರಶ್ನೆ ಇದು: ತನ್ನ ಕೆಲಸವನ್ನು ತಾನೇ ತಟ್ಟಿ ನೋಡದ ಮೇಸ್ತ್ರಿ ಎಲ್ಲಾದರೂ ಇದ್ದಾನೆಯೇ? ಉಪ್ಪು ನೋಡದೆ ಬಡಿಸುವ ಅಡಿಗೆಯವನ ಹಾಗಾಯಿತು. ಇದರ ಬುಡ ಹುಡುಕದೆ ಬಿಡುವುದಿಲ್ಲ. ಸಿಮೆಂಟಿನ ಮೂಟೆ ಬಂತು, ಮೆಟ್ಟಿಲು ಬಿಡಬೇಕಂತೆ. ಉಳಿದದ್ದು ಆಮೇಲೆ.


ಫೆಬ್ರವರಿ ೧೮, ಮಂಗಳವಾರ

ನೋಡು, ಇದೇ ಕಾಗದ ಮುಂದುವರಿಸುತ್ತಿದ್ದೇನೆ. ಅಂಚೆಗೆ ಹಾಕಲು ಹೋಗುವ ದಾರಿಯಲ್ಲೆಲ್ಲ ಹಸಿ ಸಿಮೆಂಟು, ಯಾರ ಕಾಲೂ ಬೀಳಬಾರದಂತೆ. ನಿನ್ನ ಅತ್ತೆಯೂ ನಾನೂ ಹಿತ್ತಲ ಬಾಗಿಲಿನಿಂದ ಕಳ್ಳರ ಹಾಗೆ ಓಡಾಡುತ್ತಿದ್ದೇವೆ.

ಈ ಕೆಲಸದಲ್ಲಿ ಇಷ್ಟು ಸ್ವಾರಸ್ಯವಿದೆ ಎಂದು ನನಗೆ ಗೊತ್ತೇ ಇರಲಿಲ್ಲ ಮಾರಾಯ್ತಿ! ಹಾಕುವ ಮೊದಲು ಟೈಲ್ಸುಗಳನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸುತ್ತಾರೆ. ಬೆನ್ನಿನಿಂದ ಸಣ್ಣ ಸಣ್ಣ ಗುಳ್ಳೆಗಳು ಸಾಲುಗಟ್ಟಿ ಮೇಲೇಳುತ್ತವೆ, ಸಾಸಿವೆ ಚೆಲ್ಲಿದ ಹಾಗೆ.

"ಇದೇನಪ್ಪ, ಟೈಲ್ಸಿಗೂ ದಾಹ ಆಗುತ್ತಾ?" ಎಂದೆ.

"ಆಗ್ದೇ ಏನು! ಈಗ ಹೊಟ್ಟೆ ತುಂಬ ಕುಡಿಸ್ದೇ ಇದ್ರೆ ಆಮೇಲೆ ಸಿಮೆಂಟಿನ ನೀರು ಕುಡಿದ್ಬಿಡುತ್ತೆ. ಸಿಮೆಂಟು ಒಣಗಿ ಕೈಬಿಡುತ್ತೆ. ಗುಳ್ಳೆ ನಿಂತ್ರೆ ತೇಗಿದೆ ಅಂತ ಅರ್ಥ."

ನಿನ್ನ ಅತ್ತೆ ತೊಟ್ಟಿಯ ಪಕ್ಕ ಬಗ್ಗಿ "ಅಯ್ಯೋ, ಹೇಗೆ ಚುಯ್ ಅಂತಿದೆ ಕೇಳಿ" ಎಂದಳು. ನನಗೆ ಗುಳ್ಳೆ ನೋಡುವುದೇ ಸಾಕಾಗಿತ್ತು.

ಇನ್ನೊಂದು ಆಶ್ಚರ್ಯ. ಗೋಡೆಯಿಂದ ಶುರು ಮಾಡುತ್ತಾನೆ ಎಂದುಕೊಂಡಿದ್ದೆ. ಅವನು ನಡುಮನೆಯ ನಟ್ಟನಡುವೆ ಎರಡು ದಾರ ಅಡ್ಡಡ್ಡ ಎಳೆದು, ಅವು ಕೂಡುವಲ್ಲಿ ಮೊದಲ ಟೈಲ್ಸ್ ಇಟ್ಟ. ಅಲ್ಲಿಂದ ನಾಲ್ಕೂ ದಿಕ್ಕಿಗೆ ಹರಡುತ್ತ ಹೋದರೆ ಕತ್ತರಿಸಿದ ತುಂಡುಗಳೆಲ್ಲ ಗೋಡೆಯ ಬುಡಕ್ಕೆ ಬರುತ್ತವೆ, ಬೀರು ಸೋಫಾಗಳ ಅಡಿ ಮುಚ್ಚಿಹೋಗುತ್ತವೆ. "ಹರಕು ಮೂಲೆಗೆ, ಹೊಸದು ನಡುವಿಗೆ. ಮನುಷ್ಯರೂ ಹಂಗೇ ಅಲ್ವಾ ಯಜಮಾನ್ರೇ, ನೆಂಟರ ಮುಂದೆ?" ಎಂದು ಅವನೇ ಹೇಳಿ ಅವನೇ ನಕ್ಕ. ಮಾತು ಚೆನ್ನಾಗಿತ್ತು, ನಾನು ಹೇಳಬೇಕಾಗಿತ್ತು.

ನಾವಿಬ್ಬರೂ ದಿನವಿಡೀ ಮಾತು. ಒಂದು ಮಧ್ಯಾಹ್ನ ಹೆಡ್ಮಿಸ್ಟ್ರೆಸ್ ಚಪ್ಪಲಿ ಮೆಟ್ಟಿಕೊಂಡು ಓಡಿಬಂದರು. "ಏನ್ರೀ ಇದು ಜಗಳ? ಇಬ್ಬರೂ ವಯಸ್ಸಾದವರು, ನಾಚಿಕೆ ಆಗಲ್ವಾ?"

"ಜಗಳ ಎಲ್ಲಿ? ಅವನು ನನ್ನ ಮೊಮ್ಮಗಳಿಗೆ ಎಷ್ಟು ಹಲ್ಲು ಬಂದಿದೆ ಅಂತ ಕೇಳ್ತಿದ್ದ!"

"ಅದನ್ನ ಮೂರು ಬೀದಿಗೆ ಕೇಳಿಸೋ ಹಾಗೆ ಕೇಳ್ಬೇಕಾ?"

ಕತ್ತರಿಸುವ ಮೆಷಿನ್ ಗಲಾಟೆ ಅಲ್ವಾ ಎಂದೆ. ಮೆಷಿನ್ ನಿಂತು ಎಷ್ಟು ಹೊತ್ತಾಯಿತು ಎಂದು ಅವರು ನಿನ್ನ ಅತ್ತೆಯ ಮುಖ ನೋಡಿದರು. ಅವಳು ಒಣಗಿದ ಬಟ್ಟೆ ತೆಗೆಯಲು ಹೋದಳು.

ಇನ್ನು ನನ್ನ ಪತ್ತೇದಾರಿಯ ವರದಿ. ನೀನೇ ಯಾಕಪ್ಪ ತಟ್ಟಿ ನೋಡಲ್ಲ ಎಂದು ನೇರವಾಗಿ ಕೇಳಿದೆ. "ನನ್ನ ಮಗಳು ಚೆಲುವೆ ಅಂತ ಹೆಣ್ಣಿನಪ್ಪ ಹೇಳಿದ್ರೆ ಯಾರು ನಂಬ್ತಾರೆ? ಗಂಡಿನವರು ನೋಡ್ಬೇಕು" ಎಂದ. ಉತ್ತರ ನಯವಾಗಿತ್ತು, ಅದಕ್ಕೇ ನಂಬಲಿಲ್ಲ. ಅವನ ತಂಗಿ ಮಿತಭಾಷಿ, ಟೈಲ್ಸಿನ ಸಂದುಗಳಿಗೆ ಬಿಳಿ ಪುಡಿ ಕಲಸಿ ತುಂಬುವುದು ಅವಳ ಕೆಲಸ. ಅವಳನ್ನು ಕೇಳಿದೆ. "ನಾನು ತಟ್ಟಿ ಹೇಳ್ತೀನಿ ಅಂದ್ರೂ ಕೋಲು ಕೊಡಲ್ಲ ಸಾರ್. ಅವನನ್ನೇ ಕೇಳಿ" ಎಂದು ಸಂದಿನೊಳಗೆ ಮುಖ ಹುದುಗಿಸಿದಳು.

ಆದರೆ ನಾನು ಒಂದು ನೋಡಿದ್ದೇನೆ. ಯಾರೂ ನೋಡುತ್ತಿಲ್ಲ ಎಂದುಕೊಂಡಾಗ ಅವನು ಟೈಲ್ಸಿನ ಮೇಲೆ ಎಡಗೈ ಅಂಗೈಯನ್ನು ಹರಡಿ ಇಡುತ್ತಾನೆ, ಮಗುವಿನ ಹಣೆ ಮುಟ್ಟಿ ಜ್ವರ ನೋಡುವ ಹಾಗೆ. ಬಲಗೈ ಗೆಣ್ಣಿನಿಂದ ಪಕ್ಕದಲ್ಲಿ ಒಂದೆರಡು ಸಲ ಕುಟ್ಟುತ್ತಾನೆ. ಕಣ್ಣು ಮುಚ್ಚುತ್ತಾನೆ. ನಾನು ಕೆಮ್ಮಿದರೆ ತಿರುಗುವುದೇ ಇಲ್ಲ. ನನ್ನ ನೆರಳು ಬಿದ್ದ ಕೂಡಲೇ ಕೈ ಎಳೆದುಕೊಂಡು ಮೀಸೆ ತೀಡುತ್ತಾನೆ. ಏನಿದು? ಮಂತ್ರವೋ ತಂತ್ರವೋ? ನಿನಗೇನಾದರೂ ಹೊಳೆಯುತ್ತದೆಯೇ?


ಫೆಬ್ರವರಿ ೨೭, ಗುರುವಾರ

ಕೆಲಸ ಮುಗಿಯಿತು. ಮೇಜು ಕಾಲಿನ ಮೇಲೆ ನಿಂತಿದೆ, ಅದರ ಮೇಲೆ ಬರೆಯುತ್ತಿದ್ದೇನೆ. ಆದರೂ ಅಕ್ಷರ ಮೊದಲಿನಷ್ಟು ನೆಟ್ಟಗಿಲ್ಲ. ಮೇಜಿನ ತಪ್ಪಲ್ಲ.

ಸಂದುಗಳೆಲ್ಲ ಒಣಗಿದ ಮೇಲೆ ರಸಮಟ್ಟ ಮೀಸೆ ತಿರುವಿಕೊಂಡು ಬಂದ. ತುದಿಯಲ್ಲಿ ಮರದ ಉಂಡೆಯಿರುವ ಕೋಲನ್ನು ಎರಡೂ ಕೈಯಲ್ಲಿ ನನಗೆ ಕೊಟ್ಟ, ಜೊತೆಗೆ ಸೀಮೆಸುಣ್ಣ. "ಯಜಮಾನರೇ, ತಟ್ಟಿ ನೋಡಿ." ನಿನ್ನ ಅತ್ತೆ, ಅವನ ತಂಗಿ, ಕರೆಯದೇ ಬಂದ ಹೆಡ್ಮಿಸ್ಟ್ರೆಸ್, ಮೂವರೂ ಗೋಡೆಗೆ ಒರಗಿ ನಿಂತರು.

ನಾನು ಬಾಗಿಲಿನಿಂದ ಶುರು ಮಾಡಿದೆ. ತಟ್ಟಿದೆ. ತಲೆ ವಾಲಿಸಿದೆ. ಭೇಷ್ ಎಂದೆ. ಮುಂದಿನದನ್ನು ತಟ್ಟಿದೆ. ಮಗಳೇ, ಎಲ್ಲವೂ ಒಂದೇ. ಹತ್ತಿಯ ಮೂಟೆಯನ್ನು ಹತ್ತಿಯ ಕೋಲಿನಲ್ಲಿ ತಟ್ಟಿದ ಹಾಗೆ. ಸುಮ್ಮನೆ ಮುಂದೆ ಹೋದೆ. ನಿನ್ನ ಕೋಣೆಯ ಬಾಗಿಲ ಹತ್ತಿರ ಬಂದಾಗಲೂ ತಟ್ಟಿ ಭೇಷ್ ಎಂದೆ. ಆಮೇಲೆ ಒಂದು ಯೋಚನೆ ಬಂತು: ಒಂದಕ್ಕೂ ಗುರುತು ಹಾಕದೆ ಮುಗಿಸಿದರೆ ಈ ಮನುಷ್ಯನಿಗೆ ಕಿವಿಯೇ ಇಲ್ಲ ಎಂದುಕೊಳ್ಳುತ್ತಾರೆ. ಪರೀಕ್ಷಕ ಅಂದಮೇಲೆ ಯಾರನ್ನಾದರೂ ಫೇಲ್ ಮಾಡಬೇಕಲ್ಲ? ನಡುಮನೆಯ ನಡುವೆ ನಿಂತು, ತಟ್ಟಿ, ಹುಬ್ಬು ಗಂಟಿಕ್ಕಿ, ಮತ್ತೆ ತಟ್ಟಿ, ಸೀಮೆಸುಣ್ಣದಲ್ಲಿ ಕತ್ತರಿ ಗುರುತು ಎಳೆದೆ. ಅದರ ಪಕ್ಕದಲ್ಲಿ ಇನ್ನೊಂದು. ಕೈ ಹದಕ್ಕೆ ಬಂದಿತ್ತು, ಮತ್ತೂ ಒಂದು.

"ನನಗೇನೂ ವ್ಯತ್ಯಾಸ ಗೊತ್ತಾಗ್ಲಿಲ್ಲಪ್ಪ" ಎಂದರು ಹೆಡ್ಮಿಸ್ಟ್ರೆಸ್.

"ಅದಕ್ಕೆ ಕಿವಿ ಬೇಕು" ಎಂದೆ ನಾನು. ಅಂದೆ, ಹೌದು.

ರಸಮಟ್ಟನ ತಂಗಿ ಏನೋ ಹೇಳಲು ಬಾಯಿ ತೆರೆದಳು. ಅವನು ಕೈ ಎತ್ತಿ ತಡೆದ. ಮಂಡಿಯೂರಿ ಗುರುತಿನ ಮೇಲೆ ಅಂಗೈ ಇಟ್ಟ, ಈ ಸಲ ಎಲ್ಲರ ಎದುರಿಗೇ. ಗೆಣ್ಣಿನಿಂದ ಕುಟ್ಟಿದ. ನನ್ನ ಮುಖ ನೋಡಿದ. ಮತ್ತೆ ಅಂಗೈ ನೋಡಿಕೊಂಡ. "ಯಜಮಾನರ ಕಿವಿಗೆ ಕೇಳಿಸಿದ ಮೇಲೆ ಮುಗೀತು" ಎಂದು ಉಳಿ ಸುತ್ತಿಗೆ ತೆಗೆದುಕೊಂಡ.

ಆ ಟೈಲ್ಸ್ ಏಳಲೇ ಇಲ್ಲ. ಚೂರು ಚೂರಾಗಿ ಒಡೆಯಿತೇ ಹೊರತು ಸಿಮೆಂಟಿನ ಕೈ ಬಿಡಲಿಲ್ಲ. ಕೆಳಗೆ ಒಂದು ಇರುವೆ ನುಸುಳುವಷ್ಟೂ ಖಾಲಿ ಇರಲಿಲ್ಲ. ಎರಡನೆಯದೂ ಹಾಗೇ. ಅವನ ಹಣೆಯ ಬೆವರು ಮೂಗಿನ ಮೇಲೆ ಇಳಿಯಿತು. ನಾನು ಬೇಡ ಬಿಡಪ್ಪ ಎನ್ನಬೇಕಾಗಿತ್ತು, ಸೀಮೆಸುಣ್ಣವನ್ನು ಜೇಬಿಗಿಳಿಸಿದೆ. ಮೂರನೆಯದನ್ನೂ ಒಡೆದು, ಉಳಿ ಕೆಳಗಿಟ್ಟು ನೆಲದ ಮೇಲೆ ಕೂತುಬಿಟ್ಟ. ಮೀಸೆಯೂ ಕೂತುಹೋಗಿತ್ತು.

"ಇಷ್ಟು ವರ್ಷದಲ್ಲಿ ನನ್ನ ಕೈ ಒಂದು ದಿನ ಸುಳ್ಳು ಹೇಳಿಲ್ಲ. ಗಟ್ಟಿ ಅಂತು. ನಿಮ್ಮ ಕಿವಿ ಟೊಳ್ಳು ಅಂತು. ನಿಮ್ಮ ಕಿವೀನ ನಂಬಿ ಒಡೆದೆ. ಯಾರು ಸುಳ್ಳು ಹೇಳ್ತಿದಾರೆ ಯಜಮಾನ್ರೇ?"

ನಿನ್ನ ಅತ್ತೆ ಬಂದು ನನ್ನ ಕೈಯಿಂದ ಕೋಲು ತೆಗೆದುಕೊಂಡಳು. ಬಾಗಿಲಿನಿಂದ ಶುರು ಮಾಡಿ ಒಂದೊಂದನ್ನೂ ತಟ್ಟುತ್ತ ಹೋದಳು. ನಿನ್ನ ಕೋಣೆಯ ಬಾಗಿಲ ಹತ್ತಿರ ನಿಂತಳು. ಮತ್ತೊಮ್ಮೆ ತಟ್ಟಿ "ಇದು" ಎಂದಳು. ಮೇಸ್ತ್ರಿಯ ತಂಗಿ ತಲೆಯಾಡಿಸಿದಳು, ಹೆಡ್ಮಿಸ್ಟ್ರೆಸ್ ಕೂಡ. ರಸಮಟ್ಟ ಎದ್ದುಬಂದು ಅಂಗೈ ಇಟ್ಟು ನೋಡಿ ನಾಲಿಗೆ ಕಚ್ಚಿಕೊಂಡ, ಇದೊಂದರ ಮೇಲೆ ಮೊದಲು ಕೈಯಿಟ್ಟಿರಲಿಲ್ಲವಂತೆ. ಸಂದಿಗೆ ಉಳಿ ಕೊಟ್ಟು ಮೀಟಿದರೆ ಡಬ್ಬಿಯ ಮುಚ್ಚಳದ ಹಾಗೆ ಎದ್ದುಬಂತು. ಒಂದು ಮೂಲೆ ಪೂರಾ ಖಾಲಿ. ನಾನು ಭೇಷ್ ಎಂದದ್ದು ಅದಕ್ಕೇ.

ಯಾರೂ ಏನೂ ಅನ್ನಲಿಲ್ಲ, ಅಥವಾ ಅಂದರೋ ಏನೋ. ಹೆಡ್ಮಿಸ್ಟ್ರೆಸ್ ಮೆಲ್ಲಗೆ ಹೊರಗೆ ಹೋದರು. ಅವರು ಗುಟ್ಟು ಕಾಯುವವರಲ್ಲ, ಆದರೂ ಆವತ್ತು ಬಾಗಿಲನ್ನು ಮುಂದಕ್ಕೆಳೆದು ಹೋದರು.

ರಸಮಟ್ಟ ನನ್ನ ಎದುರಿಗೆ, ನನಗೆ ಅವನ ತುಟಿ ಕಾಣುವ ಹಾಗೆ ಕೂತ. "ಯಾವಾಗಿಂದ?" ಎಂದ.

"ಏನು ಯಾವಾಗಿಂದ?"

ಅವನು ತನ್ನ ಕಿವಿ ಮುಟ್ಟಿ ತೋರಿಸಿದ. "ನಂದನ್ನ ಈ ಮೆಷಿನ್ ತಿಂತು. ಟೈಲ್ಸ್ ಕತ್ತರಿಸೋದು ನೋಡಿದ್ರಲ್ಲ, ದಿನಾ ಅದನ್ನ ಕಿವಿ ಪಕ್ಕದಲ್ಲೇ ಇಟ್ಕೊಂಡಿದ್ದೆ. ಟೊಳ್ಳು ಯಾವುದು ಗಟ್ಟಿ ಯಾವುದು ಗೊತ್ತಾಗೋದು ನಿಂತುಹೋಯ್ತು. ಆಗ ಕೋಲು ಮನೆ ಯಜಮಾನರ ಕೈಗೆ ಕೊಟ್ಟೆ. ಜನ, ಏನು ಧೈರ್ಯ ಇವನಿಗೆ ಅಂದ್ರು! ಸುಮ್ಮನಿದ್ದೆ. ತಂಗಿ ಕೈಗೆ ಕೊಟ್ರೆ ತಂಗಿ ಕಿವೀಲಿ ಬದುಕ್ತಾನೆ ಅಂತಾರೆ."

ನೋಡಿದೆಯಾ, ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು. ಹುಡುಕಿದ್ದು ಅವನ ಗುಟ್ಟು, ಬಿಚ್ಚಿಕೊಂಡದ್ದು ನನ್ನದು.

"ನಂದನ್ನ ಮೋಟಾರು ತಿಂತು" ಎಂದೆ. "ಮಂಡಿನೋವಿಗಲ್ಲ ಅಂಗಡಿ ಮುಚ್ಚಿದ್ದು. ಯಾರದೋ ಒಳ್ಳೇ ಬೇರಿಂಗ್ ಕಿತ್ತು, ಕೆಟ್ಟದ್ದನ್ನ ಒಳಗೇ ಬಿಟ್ಟೆ. ಪಂಪು ಸುಟ್ಟುಹೋಯ್ತು."

ಸುಮ್ಮನಿರುವುದು ನಮ್ಮಿಬ್ಬರ ಜಾತಕದಲ್ಲೇ ಇಲ್ಲವಲ್ಲ. ಅವನು ಶುರು ಮಾಡಿದ: "ನನಗೆ ಗುಡುಗು ಕೇಳಿಸಲ್ಲ, ಮಿಂಚು ನೋಡಿ ಬಟ್ಟೆ ಒಳಗೆ ತರ್ತೀನಿ." ನಾನು ಬಿಡುತ್ತೇನೆಯೇ? "ನನಗೆ ನನ್ನ ಗೊರಕೆನೇ ಕೇಳಿಸಲ್ಲ!" ಎಂದೆ. "ಅದು ಯಾರಿಗೂ ಕೇಳಿಸಲ್ಲ ಸಾರ್" ಎಂದಳು ಅವನ ತಂಗಿ, ಮತ್ತು ಮೊದಲ ಸಲ ನಕ್ಕಳು. ನಿನ್ನ ಅತ್ತೆಯೂ ನಕ್ಕಳು, ಆದರೆ ಸೆರಗು ಕಣ್ಣಿನ ಹತ್ತಿರ ಇತ್ತು.

"ನನಗೆ ಗೊತ್ತಿಲ್ಲ ಅಂದ್ಕೊಂಡಿದ್ರಾ?" ಎಂದಳು. "ಕುಕ್ಕರ್ ಕೂಗಿದಾಗ ಒಲೆ ಆರಿಸಿ ಅಂದ್ರೆ ಗಡಿಯಾರ ನೋಡಿ ಆರಿಸ್ತೀರಿ. ನೀವಾಗಿ ಹೇಳ್ಲಿ ಅಂತ ಕಾದೆ."

ಆಮೇಲೆ ರಸಮಟ್ಟ ನನ್ನ ಅಂಗೈಯನ್ನು ಹಿಡಿದು ನೆಲದ ಮೇಲೆ ಹರಡಿಸಿದ. ಗಟ್ಟಿಯಿದ್ದ ಟೈಲ್ಸನ್ನು ಕುಟ್ಟಿದ: ಏಟು ಬಿದ್ದಲ್ಲೇ ಸತ್ತಿತು. ಆ ಟೊಳ್ಳು ಟೈಲ್ಸನ್ನು ಮತ್ತೆ ಅದರ ಜಾಗದಲ್ಲಿಟ್ಟು ಕುಟ್ಟಿದ: ಅಂಗೈಯೊಳಗೆ ಏನೋ ನಡುಗಿತು, ಮುಷ್ಟಿಯಲ್ಲಿ ಹಿಡಿದ ದುಂಬಿಯ ಹಾಗೆ. ಆಹಾ, ಎಂಥ ಸೋಜಿಗ! ಇಷ್ಟು ಕಾಲ ಈ ಕೈಯನ್ನು ಬರೀ ತಿನ್ನಲು, ಮೀಸೆ ತಿರುವಲು ಇಟ್ಟುಕೊಂಡಿದ್ದೆನಲ್ಲ! ಆ ಸಂಜೆಯೆಲ್ಲ ನಾನು ನೆಲ, ಗೋಡೆ, ಬಾಗಿಲು, ನೀರಿನ ಕೊಳಾಯಿ ಎಲ್ಲದರ ಮೇಲೂ ಕೈಯಿಟ್ಟು ನೋಡಿದೆ. ಕೊಳಾಯಿಯೊಳಗೆ ನೀರು ಓಡುವುದು ಬೆರಳಿಗೆ ಗೊತ್ತಾಗುತ್ತದೆ, ನಿನಗೆ ಗೊತ್ತಿತ್ತೇ?

ಒಡೆದವಕ್ಕೆ ಹೊಂದುವ ಟೈಲ್ಸ್ ಅಂಗಡಿಯಲ್ಲಿ ಮುಗಿದುಹೋಗಿತ್ತು. ಹತ್ತಿರದ ಬಣ್ಣ ತಂದರು, ಆದರೂ ನಡುಮನೆಯ ನಟ್ಟನಡುವೆ, ಹರಕನ್ನು ಮೂಲೆಗೆ ತಳ್ಳಬೇಕೆಂದ ಆ ಮಹಾಮೇಸ್ತ್ರಿಯ ಕೆಲಸದಲ್ಲಿ, ಮೂರು ಟೈಲ್ಸ್ ಬೇರೆ ಬಣ್ಣದಲ್ಲಿ ಎದ್ದು ಕಾಣುತ್ತಿವೆ. ಮೇಲೆ ಕಂಬಳಿ ಹಾಸಿ ಮುಚ್ಚೋಣ ಎಂದೆ. "ಬೇಡ, ಕಾಣಲಿ" ಎಂದಳು ನಿನ್ನ ಅತ್ತೆ. ನಿನ್ನ ಕೋಣೆಯ ಬಾಗಿಲಿನದು ಮಾತ್ರ ಈಗ ಬಂಡೆ. ಮುಂದಿನ ವಾರ ರಸಮಟ್ಟನೂ ನಾನೂ ಒಟ್ಟಿಗೆ ಕಿವಿಯ ಡಾಕ್ಟರ ಹತ್ತಿರ ಹೋಗುತ್ತೇವೆ. ಅವರ ಮೇಜಿನ ಮೇಲೂ ಅವನು ಆ ಗುಳ್ಳೆಯ ಪಟ್ಟಿ ಇಡುವುದು ಖಂಡಿತ. ಯಾರ ಕಿವಿ ಹೆಚ್ಚು ಕೆಟ್ಟಿದೆ ಎಂದು ಪಂದ್ಯ ಕಟ್ಟಿದ್ದೇವೆ. ನಾನೇ ಗೆಲ್ಲುತ್ತೇನೆ.

ಅಳಿಯಂದಿರಿಗೆ ನನ್ನ ಆಶೀರ್ವಾದ. ಮರಿತರಲೆಯ ಕಾಲು ಗಟ್ಟಿಯಾಗಲಿ, ನಿನ್ನ ಹಟ ಮೆತ್ತಗಾಗಲಿ. ಹೊತ್ತಿಗೆ ಸರಿಯಾಗಿ ಊಟ ಮಾಡಿ, ನೂರು ಕಾಲ ನಗುತ್ತಿರಿ.

ಇಂತು ನಿನ್ನ,
ಮಾವ

ಮರೆತದ್ದು: ಮರೆತಿರಲಿಲ್ಲ. ಕವರಿಗೆ ಹಾಕಿ ಅಂಟಿಸಿದ ಮೇಲೆ ಮತ್ತೆ ಹರಿದು ತೆಗೆದೆ.

ಹೆಸರಿನ ವಿಷಯಕ್ಕೆ ನನಗೆ ಸಿಟ್ಟಿಲ್ಲ. ನಾನು ಹೇಳಿದ ಹೆಸರು ಯಾವುದೋ ಪಂಪಿನ ಕಂಪನಿಯದು ಎಂದು ನಿನ್ನ ಅತ್ತೆ ಆವತ್ತೇ ಕಂಡುಹಿಡಿದಿದ್ದಳು. ಹಿಂದಿನ ತಿಂಗಳು ನೀನು ಫೋನ್ ಮಾಡಿದಾಗ ಅವಳು ಅಡಿಗೆಮನೆಯಿಂದ ಓಡಿಬಂದು ಅದನ್ನು ನನ್ನ ಕಿವಿಗೆ ಒತ್ತಿ ಹಿಡಿದಳು. ಅವಳ ಮುಖ ನೋಡಿದರೆ ಏನೋ ದೊಡ್ಡದು ಬರಲಿದೆ ಎಂದು ತಿಳಿಯಿತು. ಕಾದೆ. ಏನೂ ಬರಲಿಲ್ಲ. ತುಂಬ ಹೊತ್ತಾಯಿತು, ಏನಾದರೂ ಅನ್ನಬೇಕಲ್ಲ ಎಂದು "ಹ್ಞೂಂ, ಊಟ ಆಯ್ತು, ಇಡ್ಲಾ?" ಎಂದೆ. ಅವಳ ಮುಖ ಇಳಿದುಹೋಯಿತು. ಯಾಕೆಂದು ನಾನು ಕೇಳಲಿಲ್ಲ.

ನಿನ್ನೆ ಹೇಳಿದಳು. ಮರಿತರಲೆ ಆವತ್ತು ಮೊದಲ ಸಲ 'ತಾತ' ಅಂದಳಂತೆ. ಒಂದು ಸಲವಲ್ಲ, ನಾನು ಉತ್ತರ ಕೊಡಲಿ ಎಂದು ಅನ್ನುತ್ತಲೇ ಇದ್ದಳಂತೆ. ನೀನು ನಿನ್ನ ಕಾಗದದಲ್ಲಿ ಅದನ್ನು ಬರೆಯಲೇ ಇಲ್ಲ. ಸಿಟ್ಟಾ ಮಾವ ಎಂದು ಮಾತ್ರ ಕೇಳಿದೆ.

ನನಗೆ ಕೇಳಿಸಲಿಲ್ಲ ಮಗಳೇ.

ಅವಳು ಈ ನೆಲದ ಮೇಲೆ ಬರಿಗಾಲಲ್ಲಿ ನಡೆದರೆ ನನ್ನ ಅಂಗೈಗೆ ತಿಳಿಯುತ್ತದೆ. ನಿನ್ನ ಅತ್ತೆಯನ್ನು ನಡೆಸಿ ಪರೀಕ್ಷೆ ಮಾಡಿದ್ದೇನೆ. ಅವಳು ನಡೆದರೆ ಮೊಣಕೈವರೆಗೆ ಬರುತ್ತದೆ, ಈ ಸಾಲನ್ನು ಅವಳಿಗೆ ಹೇಳಬೇಡ. ಬಾಯಿಬಿಟ್ಟು ಬಾ ಅನ್ನಬೇಕು ಎಂದಿದ್ದೆಯಲ್ಲ? ಈಗಷ್ಟೇ ಪೆನ್ನು ಕೆಳಗಿಟ್ಟು, ನಿನ್ನ ಊರಿನ ದಿಕ್ಕಿಗೆ ತಿರುಗಿ ಅಂದೆ. ಮೆತ್ತಗೇ ಅಂದೆ ಎಂದುಕೊಂಡಿದ್ದೆ. ಎದುರುಮನೆಯ ಹೆಡ್ಮಿಸ್ಟ್ರೆಸ್ ಕಿಟಕಿ ತೆರೆದು "ಯಾರನ್ನ ಕರೀತಿದೀರಿ?" ಎಂದು ಕೇಳಿದರಂತೆ. ನಿನ್ನ ಅತ್ತೆ ಬಂದು ಹೇಳಿದಳು.